ದಾನಚಿಂತಾಮಣಿ ಅತ್ತಿಮಬ್ಬೆ

ಕಲ್ಯಾಣ ಚಾಲುಕ್ಯ ಚಕ್ರವರ್ತಿ ತೈಲಪನ ಕಾಲದಲ್ಲಿ ಅಧಿಕಾರಕ್ಕೂ ಐಶ್ವರ್ಯಕ್ಕೂ ಕೊರತೆಯಿಲ್ಲದ ಮನೆಗೆ ಅತ್ತಿಮಬ್ಬೆ ಸೊಸೆಯಾಗಿ ಬಂದಳು. ಆಕೆಯ ತಂದೆ ಮಲ್ಲಪಯ್ಯನ ಪೂರ್ವಜರು ವೆಂಗಿಮಂಡಲದವರು. ತನ್ನ ಸೋದರ ಪುನ್ನಮಯ್ಯನೊಡನೆ ಗುರು ಜಿನಚಂದ್ರದೇವರ ಗೌರವಾರ್ಥ ಪೊನ್ನಕವಿಯಿಂದ ಶಾಂತಿಪುರಾಣವನ್ನು ಬರೆಯಿಸಿದವನು ಈ ಮಲ್ಲಪಯ್ಯನೇ. ಮಾವ ಧಲ್ಲಪನು ತೈಲಪನ ಅಮಾತ್ಯ, ಪತಿ ನಾಗದೇವನು ಸೇನಾನಾಯಕ. ತಂಗಿ ಗುಂಡಮಬ್ಬೆಯೂ ನಾಗದೇವನನ್ನೇ ವರಿಸಿದ್ದಳು.

ನಾಗದೇವನು ಅಕಾಲದಲ್ಲಿ ಮಡಿದನು. ಗುಂಡಮಬ್ಬೆ ಸಹಗಮನ ಮಾಡಿದಳು; ಅತ್ತಿಮಬ್ಬೆ ಉಳಿದಳು. ಲೋಕವು ಚಿತೆಯೇರಿದವಳನ್ನು ಹೊಗಳುವುದು ವಾಡಿಕೆ. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅಗ್ನಿಗೆ ಬೀಳುವುದನ್ನು ಲೋಕಮೂಢತೆಗಳ ಸಾಲಿನಲ್ಲಿಯೇ ಎಣಿಸಿದ್ದಾರೆ. ಉಳಿದುಕೊಂಡವಳ ದಾರಿಯೇ ದೀರ್ಘವಾದುದು, ಕಠಿಣವಾದುದು. ಮಗ ಅಣ್ಣಿಗದೇವನನ್ನು ಬೆಳೆಸಬೇಕಾಗಿತ್ತು. ಕೈಯಲ್ಲಿ ಅಪಾರ ಸಂಪತ್ತೂ ಇತ್ತು. ಅದನ್ನು ಮಗನಿಗಾಗಿ ಕೂಡಿಟ್ಟಿದ್ದರೆ ಆಕ್ಷೇಪಿಸುವವರು ಯಾರಿದ್ದರು? ಅತ್ತಿಮಬ್ಬೆ ವ್ರತೋಪವಾಸಗಳಿಂದ ದೇಹವನ್ನು ದಂಡಿಸಿದಳು, ಧನವನ್ನು ಧರ್ಮಕ್ಕೆ ಬಿಟ್ಟಳು.

ತಂದೆ ಬರೆಯಿಸಿದ ಶಾಂತಿಪುರಾಣವು ಪ್ರತಿಗಳ ಕೊರತೆಯಿಂದ ಕಾಲಗರ್ಭದಲ್ಲಿ ಅಡಗಿಹೋಗಬಾರದೆಂದು ಅದರ 1,000 ಪ್ರತಿಗಳನ್ನು ಮಾಡಿಸಿ ಹಂಚಿದಳು. ಮುದ್ರಣವಿಲ್ಲದ ಆ ದಿನಗಳಲ್ಲಿ ಇದು ಸಾಮಾನ್ಯ ಕಾರ್ಯವಲ್ಲ. ತಾಳೆಗರಿಗಳನ್ನು ಹದಮಾಡಿ, ಕಂಠದಿಂದ ಅಕ್ಷರಗಳನ್ನು ಒಂದೊಂದಾಗಿ ಕೊರೆದು, ಮಸಿ ತೊಡೆದು, ದಾರದಲ್ಲಿ ಪೋಣಿಸಬೇಕು. ಒಂದು ಪ್ರತಿಗೇ ಲಿಪಿಕಾರನ ಎಷ್ಟು ದಿನಗಳು ಬೇಕೆಂಬುದನ್ನು ಓದುಗರೇ ಊಹಿಸಬಹುದು. ಶಾಸ್ತ್ರದಾನವೆಂಬ ಮಾತಿಗೆ ಇದಕ್ಕಿಂತ ದೊಡ್ಡ ನಿದರ್ಶನ ನಮ್ಮ ನಾಡಿನಲ್ಲಿ ದೊರೆಯುವುದು ಕಷ್ಟ. ಸುವರ್ಣ ರತ್ನಮಯವಾದ 1,500 ಜಿನಬಿಂಬಗಳನ್ನೂ ಮಾಡಿಸಿದಳೆಂದು ಪ್ರಸಿದ್ಧಿಯಿದೆ.

ಬಳೆಗಾರ ಕುಲದ ರನ್ನನು 993ರಲ್ಲಿ ಎರಡನೆಯ ತೀರ್ಥಂಕರರ ಚರಿತ್ರೆಯಾದ ಅಜಿತಪುರಾಣವನ್ನು ರಚಿಸಿದ್ದು ಈಕೆಯ ಆಶ್ರಯದಲ್ಲಿ. ಲಕ್ಕುಂಡಿಯಲ್ಲಿ ಈಕೆ ಕಟ್ಟಿಸಿದ ಬ್ರಹ್ಮಜಿನಾಲಯ ಇಂದಿಗೂ ನಿಂತಿದೆ. ಈಕೆಯ ದಾನಗಳನ್ನು ಸಾರುವ ಅಲ್ಲಿಯ ಶಾಸನದ ಕಾಲ 1007, ತೈಲಪನ ಮಗ ಸತ್ಯಾಶ್ರಯನ ಆಳ್ವಿಕೆ.

ಶ್ರವಣಬೆಳಗೊಳದ ಗೊಮ್ಮಟ ಜಿನನ ದರ್ಶನವಾಗುವವರೆಗೆ ಅನ್ನವನ್ನು ಮುಟ್ಟುವುದಿಲ್ಲವೆಂದು ಅತ್ತಿಮಬ್ಬೆ ನಿಯಮ ತೊಟ್ಟ ವೃತ್ತಾಂತವೂ ಪರಂಪರೆಯಿಂದ ಬಂದಿದೆ. ಬೆಟ್ಟವನ್ನೇರುವಾಗ ಆಕೆಯ ಬಳಲಿಕೆಯನ್ನು ಆರಿಸಲು ಅಕಾಲದಲ್ಲಿ ಮಳೆ ಸುರಿಯಿತಂತೆ. ಜನರು ಆ ಮಳೆಯನ್ನೇ ಅತಿಶಯವೆಂದು ನೆನೆಯುತ್ತಾರೆ. ಪಲ್ಲಕ್ಕಿಗೂ ಪರಿಚಾರಕರಿಗೂ ಕೊರತೆಯಿಲ್ಲದ ಮನೆಯ ಹೆಂಗಸು ಹಸಿದ ಹೊಟ್ಟೆಯಲ್ಲಿ ಆ ಬಂಡೆಯನ್ನು ಹತ್ತಿದ್ದೂ ಅತಿಶಯವೇ.