ಚಾರ್ಲಿ ಲೌ

ಚಾರ್ಲ್ಸ್ ರಿಚರ್ಡ್ ಲೌ (ಏಪ್ರಿಲ್ 12, 1933 – ಮಾರ್ಚ್ 18, 1984) ಅಮೆರಿಕ ಸಂಯುಕ್ತ ಸಂಸ್ಥಾನದ ವೃತ್ತಿಪರ ಬೇಸ್‌ಬಾಲ್ ಆಟಗಾರ ಹಾಗೂ ಬ್ಯಾಟಿಂಗ್ ತರಬೇತುದಾರ. ಚಾರ್ಲಿ ಲೌ ಎಂಬ ಹೆಸರಿನಿಂದ ಪ್ರಸಿದ್ಧರು. ಆಟಗಾರರಾಗಿ ಅವರ ಸಾಧನೆ ಸಾಧಾರಣವಾದುದು. ಆದರೆ 1970ರ ದಶಕದಲ್ಲಿ ಕಾನ್ಸಾಸ್ ಸಿಟಿ ರಾಯಲ್ಸ್ ತಂಡದ ತರಬೇತುದಾರರಾಗಿ ಬ್ಯಾಟಿಂಗ್ ಕಲಿಸುವ ಕ್ರಮವನ್ನೇ ಅವರು ಬದಲಿಸಿದರು. ಅದಕ್ಕೂ ಮೊದಲು ಬ್ಯಾಟಿಂಗ್ ತರಬೇತುದಾರನೆಂದರೆ ಹೆಚ್ಚಾಗಿ ತನ್ನ ಕಾಲದಲ್ಲಿ ಚೆನ್ನಾಗಿ ಆಡಿದ ಹಿರಿಯನೆಂದೇ ಅರ್ಥವಾಗಿತ್ತು. ಅದು ಪ್ರತ್ಯೇಕ ವಿದ್ಯೆಯೆಂದು ತೋರಿಸಿಕೊಟ್ಟವರಲ್ಲಿ ಲೌ ಪ್ರಮುಖರು.

ಆಟಗಾರರಾಗಿ

ಲೌ ಅವರು ಮಿಷಿಗನ್ ರಾಜ್ಯದ ರೋಮ್ಯುಲಸ್‌ನಲ್ಲಿ ಜನಿಸಿದರು. ಎಡಗೈ ಬ್ಯಾಟರ್, ಚೆಂಡೆಸೆಯುತ್ತಿದ್ದುದು ಬಲಗೈಯಿಂದ. ತಂಡದಲ್ಲಿ ಅವರ ಸ್ಥಾನ ಕ್ಯಾಚರ್, ಅಂದರೆ ಬ್ಯಾಟರ್‌ನ ಬೆನ್ನಿಗೆ ಕುಕ್ಕರಗಾಲಿನಲ್ಲಿ ಕುಳಿತು ಪಿಚರ್ ಎಸೆದ ಚೆಂಡನ್ನು ಹಿಡಿಯುವವನು. ಎದುರಾಳಿ ಬ್ಯಾಟರ್‌ಗಳ ಕಾಲು, ಕೈ, ಭುಜಗಳ ಚಲನೆಯನ್ನು ಅತ್ಯಂತ ಸಮೀಪದಿಂದ ನೋಡುವ ಅವಕಾಶ ಈ ಸ್ಥಾನದವನಿಗಿರುತ್ತದೆ.

1956ರಲ್ಲಿ ಡೆಟ್ರಾಯಿಟ್ ಟೈಗರ್ಸ್ ಪರವಾಗಿ ಮೇಜರ್ ಲೀಗ್ ಪ್ರವೇಶಿಸಿದ ಅವರು ಮುಂದೆ ಮಿಲ್ವಾಕೀ ಬ್ರೇವ್ಸ್, ಬಾಲ್ಟಿಮೋರ್ ಓರಿಯೋಲ್ಸ್, ಕಾನ್ಸಾಸ್ ಸಿಟಿ ಅಥ್ಲೆಟಿಕ್ಸ್ ಮತ್ತು ಅಟ್ಲಾಂಟಾ ಬ್ರೇವ್ಸ್ ತಂಡಗಳಲ್ಲಿ ಆಡಿ 1967ರಲ್ಲಿ ನಿವೃತ್ತರಾದರು. 11 ಋತುಗಳಲ್ಲಿ ಅವರ ಬ್ಯಾಟಿಂಗ್ ಸರಾಸರಿ .255, ಹೋಮ್ ರನ್‌ಗಳು ಕೇವಲ 16. ಈ ಸರಾಸರಿಯನ್ನು ಕ್ರಿಕೆಟ್‌ನ ಸರಾಸರಿಯಂತೆ ಓದಬಾರದು. ಬ್ಯಾಟರ್‌ನ ಪ್ರಯತ್ನಗಳಲ್ಲಿ ಎಷ್ಟು ಪಾಲು ಸುರಕ್ಷಿತ ಹೊಡೆತ, ಅಂದರೆ ಹಿಟ್, ಆಯಿತೆಂಬುದನ್ನು ಅದು ಸೂಚಿಸುತ್ತದೆ. ಹತ್ತರಲ್ಲಿ ಮೂರು ಸಲ ಯಶಸ್ವಿಯಾದವನು, ಅಂದರೆ .300 ಮುಟ್ಟಿದವನು, ಉತ್ತಮ ಬ್ಯಾಟರ್ ಎನಿಸುತ್ತಾನೆ. ಏಳು ಸಲ ಸೋಲುವುದು ಈ ಆಟದಲ್ಲಿ ಗೌರವದ ವಿಷಯವೇ.

ಏಪ್ರಿಲ್ 28, 1961ರಂದು ಪ್ರಸಿದ್ಧ ಪಿಚರ್ ವಾರೆನ್ ಸ್ಪಾನ್ ಎದುರಾಳಿಗಳಿಗೆ ಒಂದೂ ಹಿಟ್ ಕೊಡದ ಪಂದ್ಯವನ್ನು ಎಸೆದಾಗ ಕ್ಯಾಚರ್ ಆಗಿದ್ದವರು ಲೌ. ಅದೇ ವರ್ಷ ಅವರು ಬಾಲ್ಟಿಮೋರ್ ಸೇರಿದರು. ಅಲ್ಲಿ ತಮ್ಮ ನಿಲುವನ್ನು ಬದಲಿಸಿಕೊಂಡು, ಚೆಂಡನ್ನು ಬಲವಾಗಿ ಬಾರಿಸುವುದಕ್ಕಿಂತ ಸರಿಯಾಗಿ ಸಂಧಿಸುವ ಕಡೆಗೆ ಗಮನ ಕೊಟ್ಟರು. 1962ರಲ್ಲಿ ಅವರ ಸರಾಸರಿ .294ಕ್ಕೆ ಏರಿತು. ಜುಲೈ 13ರಂದು ಒಂದೇ ಪಂದ್ಯದಲ್ಲಿ ನಾಲ್ಕು ಡಬಲ್‌ಗಳನ್ನು (ಎರಡನೆಯ ಬೇಸ್‌ವರೆಗೆ ತಲುಪಿಸುವ ಹೊಡೆತ) ಹೊಡೆದು ಅಂದಿನ ದಾಖಲೆಯನ್ನು ಸರಿಗಟ್ಟಿದರು. ಮುಂದೆ ಅವರು ಬೋಧಿಸಿದ ಪಾಠದ ಮೊದಲ ಪ್ರಯೋಗ ಹೀಗೆ ಅವರ ಮೇಲೆಯೇ ನಡೆದಿತ್ತು.

ಕಾನ್ಸಾಸ್ ಸಿಟಿಯ ವರ್ಷಗಳು

1968ರಲ್ಲಿ ಕೆಳಹಂತದ ಲೀಗಿನ ಶ್ರೀವ್‌ಪೋರ್ಟ್ ತಂಡವನ್ನು ನಡೆಸಿದ ಲೌ, 1969ರಲ್ಲಿ ಬಾಲ್ಟಿಮೋರ್‌ನಲ್ಲೂ 1970ರಲ್ಲಿ ಓಕ್‌ಲ್ಯಾಂಡ್‌ನಲ್ಲೂ ತರಬೇತುದಾರರಾಗಿದ್ದರು. ಓಕ್‌ಲ್ಯಾಂಡ್‌ನ ಜೋ ರೂಡಿ ಆ ವರ್ಷ .309 ಸರಾಸರಿ ಗಳಿಸಿದರು. 1971ರಲ್ಲಿ ಲೌ ರಾಯಲ್ಸ್ ತಂಡಕ್ಕೆ ಬಂದರು.

ಅವರ ಹೆಸರು ಶಾಶ್ವತವಾಗಿ ಬೆಸೆದುಕೊಂಡಿರುವುದು ಜಾರ್ಜ್ ಬ್ರೆಟ್ ಅವರೊಂದಿಗೆ. 1974ರಲ್ಲಿ ತಂಡಕ್ಕೆ ಹೊಸಬರಾಗಿದ್ದ ಬ್ರೆಟ್, ಋತುವಿನ ಮಧ್ಯಭಾಗದವರೆಗೂ .200ರ ಆಸುಪಾಸಿನಲ್ಲಿ ತಡವರಿಸುತ್ತಿದ್ದರು. ಲೌ ಅವರನ್ನು ಕೈಗೆತ್ತಿಕೊಂಡು ನಿಲುವು, ಭಾರದ ವರ್ಗಾವಣೆ, ಬ್ಯಾಟ್ ಹಿಡಿಯುವ ಬಗೆ ಎಲ್ಲವನ್ನೂ ಹೊಸದಾಗಿ ಕಟ್ಟಿದರು. ವರ್ಷದ ಕೊನೆಗೆ ಬ್ರೆಟ್ ಸರಾಸರಿ .282 ಆಗಿತ್ತು. ಆದರೆ ಫಲ ಕಾಣುತ್ತಿದ್ದ ಹೊತ್ತಿಗೇ ಮ್ಯಾನೇಜರ್ ಜ್ಯಾಕ್ ಮೆಕ್‌ಕಿಯೋನ್ ಲೌ ಅವರನ್ನು ತಂಡದಿಂದ ಹೊರಗಿಟ್ಟರು. ಆಟಗಾರರಿಗೆ ಇದು ಅಸಮಾಧಾನ ತಂದಿತು. 1975ರ ಮಧ್ಯದಲ್ಲಿ ಮೆಕ್‌ಕಿಯೋನ್ ಅವರೇ ಹುದ್ದೆ ಕಳೆದುಕೊಂಡು ವೈಟಿ ಹರ್ಜಾಗ್ ಬಂದಾಗ ಲೌ ಮರಳಿದರು.

1976ರಲ್ಲಿ ಅಮೆರಿಕನ್ ಲೀಗಿನ ಬ್ಯಾಟಿಂಗ್ ಪ್ರಶಸ್ತಿಗಾಗಿ ಕೊನೆಯ ದಿನದವರೆಗೆ ಸೆಣಸಿದ ಬ್ರೆಟ್ ಮತ್ತು ಹಾಲ್ ಮೆಕ್‌ರೇ ಇಬ್ಬರೂ ಲೌ ಅವರ ಶಿಷ್ಯರೇ. ಬ್ರೆಟ್ .333, ಮೆಕ್‌ರೇ .332. ರಾಯಲ್ಸ್ ತಂಡ 1976, 1977 ಮತ್ತು 1978ರಲ್ಲಿ ಸತತವಾಗಿ ತನ್ನ ವಿಭಾಗವನ್ನು ಗೆದ್ದಿತು. ಮೂರು ಸಲವೂ ಲೀಗ್ ಅಂತಿಮ ಹಣಾಹಣಿಯಲ್ಲಿ ನ್ಯೂಯಾರ್ಕ್ ಯಾಂಕೀಸ್ ಎದುರು ಸೋತಿತು.

ಬೋಧನಾ ಕ್ರಮ

ಪಿಚರ್ ಎಸೆಯುವುದು 60 ಅಡಿ 6 ಅಂಗುಲ ದೂರದಿಂದ. ವೇಗದ ಚೆಂಡು ಬ್ಯಾಟರ್‌ನನ್ನು ತಲುಪಲು ಅರ್ಧ ಸೆಕೆಂಡೂ ಹಿಡಿಯುವುದಿಲ್ಲ. ಇಷ್ಟು ಕಿರಿದಾದ ಅವಧಿಯಲ್ಲಿ ಏನಾಗುತ್ತದೆಂಬುದನ್ನು ಬ್ಯಾಟರ್‌ಗಳೇ ಸರಿಯಾಗಿ ಹೇಳಲಾರರೆಂದು ಲೌ ನಂಬಿದ್ದರು. ಆದ್ದರಿಂದ ಅವರು ಮಾತಿಗಿಂತ ಚಿತ್ರವನ್ನು ನೆಚ್ಚಿದರು. ಉತ್ತಮ ಬ್ಯಾಟರ್‌ಗಳ ಚಲನಚಿತ್ರ ಮತ್ತು ವಿಡಿಯೊ ಟೇಪುಗಳನ್ನು ನಿಧಾನಗತಿಯಲ್ಲಿ ಮತ್ತೆ ಮತ್ತೆ ನೋಡಿ, ಎಲ್ಲರಲ್ಲೂ ಸಮಾನವಾಗಿದ್ದ ಅಂಶಗಳನ್ನು ಹೆಕ್ಕಿ ತೆಗೆದರು. ಇಂದು ವಿಡಿಯೊ ನೋಡದ ತರಬೇತುದಾರನಿಲ್ಲ; ಅಂದು ಅದು ವಿಚಿತ್ರವೆನಿಸುವ ಅಭ್ಯಾಸವಾಗಿತ್ತು.

ದೇಹದ ಭಾರವನ್ನು ಹಿಂಗಾಲಿನ ಮೇಲೆಯೇ ಇರಿಸಿ ಸೊಂಟವನ್ನು ತಿರುಗಿಸಬೇಕೆಂಬುದು ಆಗಿನ ಪ್ರಚಲಿತ ಉಪದೇಶ. ಆದರೆ ಚಿತ್ರಗಳಲ್ಲಿ ಲೌ ಕಂಡದ್ದು ಬೇರೆ: ಭಾರ ಮೊದಲು ಹಿಂದಕ್ಕೆ ಹೋಗಿ, ಬಳಿಕ ಬಿಗಿಯಾಗಿ ನಿಂತ ಮುಂಗಾಲಿನತ್ತ ಹರಿಯುತ್ತಿತ್ತು. ಮುಂಗಾಲಿಟ್ಟು ಡ್ರೈವ್ ಮಾಡುವುದನ್ನು ಕಂಡಿರುವ ಕ್ರಿಕೆಟ್ ಪ್ರೇಮಿಗಳಿಗೆ ಇದರಲ್ಲಿ ಹೊಸತೇನೂ ತೋರದು; ಬೇಸ್‌ಬಾಲ್ ವಲಯದಲ್ಲಿ ಮಾತ್ರ ದೊಡ್ಡ ಜಗಳವೇ ಹುಟ್ಟಿತು. ಸಮತೋಲನದ ನಿಲುವು, ನಿಶ್ಚಲವಾಗಿರದ ಲಯಬದ್ಧ ಸಿದ್ಧತೆ, ಮುಂಗಾಲು ನೆಲ ಮುಟ್ಟುವ ಹೊತ್ತಿಗೆ ಸಜ್ಜಾಗಿರುವ ಬ್ಯಾಟ್, ಬಿಗಿತವಿಲ್ಲದ ಕೈಗಳು, ಚೆಂಡಿನ ಮೇಲೆಯೇ ನೆಟ್ಟ ತಲೆ, ಮೈದಾನದ ಎಲ್ಲ ದಿಕ್ಕುಗಳಿಗೂ ಹೊಡೆಯುವ ಸಿದ್ಧತೆ ಇವು ಅವರ ಪಾಠದ ತಿರುಳು. 1980ರಲ್ಲಿ ಆಲ್ಫ್ರೆಡ್ ಗ್ಲಾಸ್‌ಬ್ರೆನರ್ ಅವರೊಡನೆ ಬರೆದ 'ದಿ ಆರ್ಟ್ ಆಫ್ ಹಿಟ್ಟಿಂಗ್ .300' ಕೃತಿಯಲ್ಲಿ ಈ ತತ್ವಗಳನ್ನು ವಿವರಿಸಿದರು.

ರಾಯಲ್ಸ್ ಮೈದಾನವೂ ಈ ಕ್ರಮಕ್ಕೆ ಅನುಕೂಲವಾಗಿತ್ತೆಂಬುದನ್ನು ಮರೆಯಬಾರದು. 1973ರಲ್ಲಿ ತೆರೆದ ಆ ಕ್ರೀಡಾಂಗಣಕ್ಕೆ ಕೃತಕ ಹುಲ್ಲುಹಾಸು ಇತ್ತು. ಅದರ ಮೇಲೆ ನೆಲಮಟ್ಟದ ಹೊಡೆತಗಳು ವೇಗವಾಗಿ ಓಡಿ ಕ್ಷೇತ್ರರಕ್ಷಕರ ನಡುವೆ ನುಸುಳುತ್ತಿದ್ದವು.

ನ್ಯೂಯಾರ್ಕ್ ಮತ್ತು ಷಿಕಾಗೊ

ಹರ್ಜಾಗ್ ಅವರೊಂದಿಗೂ ಹೊಂದಾಣಿಕೆ ಉಳಿಯಲಿಲ್ಲ. 1978ರ ಋತುವಿನ ಬಳಿಕ ರಾಯಲ್ಸ್ ತೊರೆಯಬೇಕಾಗಿ ಬಂದ ಲೌ, ಮೂರು ವರ್ಷ ಆ ತಂಡವನ್ನು ಸೋಲಿಸಿದ್ದ ಯಾಂಕೀಸನ್ನೇ ಸೇರಿದರು. 1980ರಲ್ಲಿ ಅಲ್ಲಿನ ರೆಜಿ ಜ್ಯಾಕ್ಸನ್ 41 ಹೋಮ್ ರನ್‌ಗಳ ಜೊತೆಗೆ .300 ಸರಾಸರಿ ಗಳಿಸಿದರು. ಅವರ ದೀರ್ಘ ವೃತ್ತಿಜೀವನದಲ್ಲಿ ಆ ಅಂಕಿ ಮುಟ್ಟಿದ ಏಕೈಕ ಋತು ಅದು. ಅದೇ ವರ್ಷ ಬ್ರೆಟ್ ಕಾನ್ಸಾಸ್ ಸಿಟಿಯಲ್ಲಿ .390 ಸಾಧಿಸಿದರು. ಎರಡೂ ತಂಡಗಳು ಮತ್ತೆ ಎದುರಾದಾಗ ಯಾಂಕೀಸನ್ನು ಮೂರೇ ಪಂದ್ಯಗಳಲ್ಲಿ ಹೊರಗಟ್ಟಿದ್ದು ಬ್ರೆಟ್ ಹೊಡೆದ ನಿರ್ಣಾಯಕ ಹೋಮ್ ರನ್. ಗುರು ಎದುರಾಳಿ ತಂಡದ ತರಬೇತುದಾರರಾಗಿದ್ದರು.

1982ರಲ್ಲಿ ಅವರು ಷಿಕಾಗೊ ವೈಟ್ ಸಾಕ್ಸ್ ತಂಡಕ್ಕೆ ಹೋದರು. ಟೋನಿ ಲಾರೂಸಾ ಅವರ ನೇತೃತ್ವದ ಆ ತಂಡ 1983ರಲ್ಲಿ 99 ಪಂದ್ಯಗಳನ್ನು ಗೆದ್ದು ವಿಭಾಗದ ಅಗ್ರಸ್ಥಾನ ಪಡೆಯಿತು. ನೀಲ್ ಸೈಮನ್ ಚಿತ್ರಕಥೆಯ 'ಮ್ಯಾಕ್ಸ್ ಡ್ಯೂಗನ್ ರಿಟರ್ನ್ಸ್' ಚಲನಚಿತ್ರ ತೆರೆಕಂಡದ್ದೂ ಆ ವರ್ಷವೇ. ಅದರಲ್ಲಿ ಶಾಲಾ ಬಾಲಕನೊಬ್ಬನಿಗೆ ಬ್ಯಾಟಿಂಗ್ ಕಲಿಸುವ ಚಾರ್ಲಿ ಲೌ ಆಗಿಯೇ ಅವರು ನಟಿಸಿದ್ದರು. ಆದರೆ ಅಷ್ಟರಲ್ಲಿ ಕರುಳಿನ ಕ್ಯಾನ್ಸರ್ ಅವರನ್ನು ಆವರಿಸಿತ್ತು. ಮಾರ್ಚ್ 18, 1984ರಂದು ಫ್ಲೋರಿಡಾದಲ್ಲಿ, 50ನೆಯ ವಯಸ್ಸಿನಲ್ಲಿ, ನಿಧನರಾದರು.

ಟೀಕೆ ಮತ್ತು ಪ್ರಭಾವ

ಲೌ ಪದ್ಧತಿ ಸರಾಸರಿಯನ್ನು ಹೆಚ್ಚಿಸಿದರೂ ಹೊಡೆತದ ಬಲವನ್ನು ಕುಗ್ಗಿಸುತ್ತದೆ ಎಂಬುದು ಮುಖ್ಯ ಆಕ್ಷೇಪ. 1941ರಲ್ಲಿ .406 ಸರಾಸರಿ ಗಳಿಸಿದ್ದ ಟೆಡ್ ವಿಲಿಯಮ್ಸ್ ಸೊಂಟದ ತಿರುಗುವಿಕೆ ಮತ್ತು ತುಸು ಮೇಲ್ಮುಖವಾದ ಬೀಸುವಿಕೆಯನ್ನು ಪ್ರತಿಪಾದಿಸಿದ್ದರು; ಎರಡೂ ಪಂಥಗಳ ವಾದ ದಶಕಗಳ ಕಾಲ ನಡೆಯಿತು. ಹೊಡೆತದ ನಂತರ ಮೇಲಿನ ಕೈಯನ್ನು ಬ್ಯಾಟಿನಿಂದ ಬಿಡುವುದೇ ಲೌ ಪದ್ಧತಿಯ ಗುರುತೆಂದು ಅನೇಕರು ತಿಳಿದು, ಚೆಂಡು ತಾಗುವ ಮೊದಲೇ ಕೈಬಿಟ್ಟು ಕೆಟ್ಟರು. ಅದು ತಡೆಯಿಲ್ಲದ ಬೀಸುವಿಕೆಯ ಕೊನೆಯ ಹಂತವಷ್ಟೇ.

ಶ್ರೀವ್‌ಪೋರ್ಟ್‌ನಲ್ಲಿ ಲೌ ಕೈಕೆಳಗೆ ಆಡಿದ್ದ ವಾಲ್ಟ್ ರಿನಿಯಾಕ್ ಈ ಪಾಠವನ್ನು ಬಾಸ್ಟನ್ ರೆಡ್ ಸಾಕ್ಸ್‌ಗೂ ಅನಂತರ ವೈಟ್ ಸಾಕ್ಸ್‌ಗೂ ಕೊಂಡೊಯ್ದರು. ಷಿಕಾಗೊದಲ್ಲಿ ಅವರು ತಿದ್ದಿದ ಫ್ರ್ಯಾಂಕ್ ಥಾಮಸ್ ವೃತ್ತಿಜೀವನದಲ್ಲಿ 521 ಹೋಮ್ ರನ್ ಹೊಡೆದರು. ಟೆಡ್ ವಿಲಿಯಮ್ಸ್ ಅವರ ಒಟ್ಟು ಸಂಖ್ಯೆಯೂ 521. ಬ್ರೆಟ್ 3,154 ಹಿಟ್‌ಗಳೊಂದಿಗೆ ನಿವೃತ್ತರಾಗಿ, 1999ರಲ್ಲಿ ಬೇಸ್‌ಬಾಲ್ ಹಾಲ್ ಆಫ್ ಫೇಮ್ ಸೇರಿದರು.