ಅಣ್ಣಾಸಾಹೇಬ ಕಿರ್ಲೋಸ್ಕರರು

ಚರ್ನಿ ರೋಡಿನ ಸಮೀಪದಲ್ಲಿರುವ ರಾಯಲ್ ಒಪೆರಾ ಹೌಸನ್ನು ನಾವೆಲ್ಲರೂ ಬಲ್ಲೆವು. ಒಪೆರಾ ಎಂದರೆ ಇಟಲಿಯಲ್ಲಿ ಜನಿಸಿದ ಗೇಯನಾಟಕ. ಅದಕ್ಕೆ ಹತ್ತಾರು ವಾದ್ಯಗಾರರ ದೊಡ್ಡ ಮೇಳವೇ ಬೇಕು. ಅಂಥ ವೈಭವವಿಲ್ಲದೆ, ಬೆರಳೆಣಿಕೆಯ ವಾದ್ಯಗಳಿಂದಲೇ ಮಹಾನಾಟಕವೊಂದನ್ನು ಹಾಡಿಸಿ ತೋರಿಸಿದವರು ಬಲವಂತ ಪಾಂಡುರಂಗ ಕಿರ್ಲೋಸ್ಕರರು. ಅವರೇ ಅಣ್ಣಾಸಾಹೇಬರು.

ಅವರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1843ರ ಮಾರ್ಚ್ 31ರಂದು ಜನಿಸಿದರು. ಅದೇ ವರ್ಷ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆಯವರು ಮರಾಠಿ ರಂಗಭೂಮಿಗೆ ನಾಂದಿ ಹಾಡಿದರು. ಭಾವೆಯವರಿಗೆ ಪ್ರೇರಣೆಯಾದುದು ಕರ್ನಾಟಕದ ಭಾಗವತರ ಆಟವೆಂಬುದು ಗಮನಾರ್ಹ. ಅಂದಿನ ನಾಟಕಗಳಲ್ಲಿ ಪದಗಳನ್ನು ಸೂತ್ರಧಾರನೇ ಹಾಡುತ್ತಿದ್ದನು.

ಕಿರ್ಲೋಸ್ಕರರು ಬೆಳಗಾವಿಯಲ್ಲಿ ಶಿಕ್ಷಕರಾಗಿಯೂ ಬಳಿಕ ಸರಕಾರಿ ಕಚೇರಿಯ ನೌಕರರಾಗಿಯೂ ದುಡಿದರು. ಆದರೆ ನಾಟಕದ ಹಂಬಲವನ್ನು ಬಿಡಲಿಲ್ಲ. 1880ರಲ್ಲಿ ಪುಣೆಯಲ್ಲಿ, ನಮ್ಮ ಮುಂಬಯಿಯಲ್ಲಿ ಬೆಳೆದ ಪಾರಸಿ ರಂಗಭೂಮಿಯ ಇಂದ್ರಸಭಾ ನಾಟಕವನ್ನು ನೋಡಿ ಅವರು ಹುರುಪುಗೊಂಡರು. ಕಾಳಿದಾಸನ ಶಾಕುಂತಲವನ್ನು ಮರಾಠಿಗೆ ಅಳವಡಿಸಿ, ಪಾತ್ರಧಾರಿಗಳೇ ತಂತಮ್ಮ ಪದಗಳನ್ನು ಹಾಡುವಂತೆ ಮಾಡಿದರು. ಕೀರ್ತನೆ, ಲಾವಣಿಗಳ ಧಾಟಿಗಳೊಡನೆ ತಾವು ಬಾಲ್ಯದಿಂದ ಕೇಳಿದ ಕನ್ನಡ ಮಟ್ಟುಗಳನ್ನೂ ಬೆರೆಸಿದರು. ಅಕ್ಟೋಬರ್ 31ರಂದು ಅದರ ಮೊದಲ ನಾಲ್ಕು ಅಂಕಗಳು ಪುಣೆಯಲ್ಲಿ ರಂಗವೇರಿದವು; ಮರಾಠಿ ಸಂಗೀತ ನಾಟಕಕ್ಕೆ ಹೊಸ ಯುಗವೇ ತೆರೆಯಿತು.

1882ರಲ್ಲಿ ಸೌಭದ್ರ ಬಂದಿತು. ರಾಮರಾಜ್ಯವಿಯೋಗವನ್ನು ಪೂರ್ಣಗೊಳಿಸುವ ಮುನ್ನವೇ, 1885ರ ನವೆಂಬರ್ 2ರಂದು, 42ರ ಪ್ರಾಯದಲ್ಲಿ ಅವರು ದಿವಂಗತರಾದರು.

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಈ ಮಹಾನಗರವನ್ನು ಸೇರಿದವರು ನಾವು. ತಾಯ್ನುಡಿಯನ್ನು ಮನೆಯೊಳಗೇ ಮುಚ್ಚಿಡುವ ಸಂಕೋಚ ನಮ್ಮಲ್ಲನೇಕರಿಗಿದೆ. ಕಿರ್ಲೋಸ್ಕರರಾದರೋ ಊರಿನ ಮಟ್ಟನ್ನು ನೆರೆನುಡಿಗೆ ಕಾಣಿಕೆಯಾಗಿತ್ತರು. ಸಾಧನ ಅಲ್ಪವಾಗಿದ್ದರೂ ಸಾಧನೆ ಅಲ್ಪವಾಗಬೇಕಿಲ್ಲವೆಂಬುದನ್ನು ಅವರ ಬಾಳಿನಿಂದ ನಾವು ಕಲಿಯೋಣ.