ಮನೆ ಬಾಗಿಲಿಗೆ ಬ್ಯಾಂಕು ತಂದ ಡಾಕ್ಟರು

ಸಂಜೆಯ ಹೊತ್ತು ಪೇಟೆಯಲ್ಲಿ ಅಂಗಡಿಯಿಂದ ಅಂಗಡಿಗೆ ನಡೆದು ಪಿಗ್ಮಿ ಹಣ ಕೂಡಿಸುವವರನ್ನು ನೀವು ನೋಡಿಯೇ ಇರುತ್ತೀರಿ. ಈ ಪದ್ಧತಿಯನ್ನು ಬಳಕೆಗೆ ತಂದವರು ರೋಗಿಗಳ ನಾಡಿ ಹಿಡಿಯುತ್ತಿದ್ದ ಒಬ್ಬ ಡಾಕ್ಟರು.

ತೋನ್ಸೆ ಮಾಧವ ಅನಂತ ಪೈ ಅವರು 1898ರಲ್ಲಿ ಉಡುಪಿ ಬಳಿಯ ಕಲ್ಯಾಣಪುರದಲ್ಲಿ ಜನಿಸಿದರು. ಮದರಾಸಿನಲ್ಲಿ ವೈದ್ಯ ಪದವಿ ಪಡೆದು ಊರ ಕಡೆಗೇ ಮರಳಿದರು. ಆಗ ಕೈಮಗ್ಗಕ್ಕೆ ಕಷ್ಟಕಾಲ ಬಂದು, ನೇಕಾರರು ಬಂಡವಾಳವಿಲ್ಲದೆ ಕಂಗೆಟ್ಟಿದ್ದರು. 1925ರಲ್ಲಿ ವ್ಯಾಪಾರಿ ಉಪೇಂದ್ರ ಪೈ ಮತ್ತು ಎಂಜಿನಿಯರ್ ವಾಮನ ಕುಡ್ವ ಅವರೊಡನೆ ಸೇರಿ 8,000 ರೂಪಾಯಿ ಬಂಡವಾಳದಿಂದ ಉಡುಪಿಯಲ್ಲಿ ಒಂದು ಬ್ಯಾಂಕನ್ನು ಸ್ಥಾಪಿಸಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದದ್ದು ಇದೇ. ಮೂವರ ಕಸುಬು ಬೇರೆ, ಗುರಿ ಒಂದೇ.

1928ರಲ್ಲಿ ಪಿಗ್ಮಿ ಠೇವಣಿ ಆರಂಭವಾಯಿತು. ದಿನಕ್ಕೆ ಎರಡಾಣೆ ಉಳಿಸುವವನು ಕೆಲಸ ಬಿಟ್ಟು ಬ್ಯಾಂಕಿಗೆ ಬರಲಾರ. ಬ್ಯಾಂಕೇ ಅವನಲ್ಲಿಗೆ ಹೋಗಬೇಕು ಎಂಬುದು ಅದರ ತತ್ವ. ಇದಕ್ಕೆ ಕೆಲಸಗಾರರ ಹೊಂದಾಣಿಕೆ ಬೇಕು. ಬೀದಿಯಲ್ಲಿ ಪಡೆದ ಹಣವನ್ನು ಒಬ್ಬ ತಂದೊಪ್ಪಿಸಬೇಕು, ಶಾಖೆಯಲ್ಲಿ ಇನ್ನೊಬ್ಬ ಅದನ್ನು ಲೆಕ್ಕಕ್ಕೆ ಹತ್ತಿಸಬೇಕು. ಇಬ್ಬರಲ್ಲಿ ಒಬ್ಬ ತಪ್ಪಿದರೂ ಬಡವನ ನಂಬಿಕೆ ಮುರಿದಂತೆಯೇ.

ಬ್ಯಾಂಕು ಕಾಲಕ್ಕೆ ತಕ್ಕಂತೆ ಹೊಸ ಕೈಗಳನ್ನೂ ಕೂಡಿಸಿಕೊಂಡಿತು. 1962ರಲ್ಲಿ ಬೆಂಗಳೂರಿನ ಶೇಷಾದ್ರಿಪುರದಲ್ಲಿ ಮಹಿಳೆಯರೇ ನಡೆಸುವ ಶಾಖೆಯನ್ನು ತೆರೆಯಿತು. 1969ರಲ್ಲಿ ಅದರ ರಾಷ್ಟ್ರೀಕರಣವಾಯಿತು. ಅಷ್ಟರಲ್ಲಿ ಪೈ ಅವರು ಮಣಿಪಾಲದ ಬೋಳು ಗುಡ್ಡದ ಮೇಲೆ ವೈದ್ಯಕೀಯ ಕಾಲೇಜನ್ನೂ ಕಟ್ಟಿದ್ದರು. 1979ರ ಮೇ 29ರಂದು ಅವರು ತೀರಿಕೊಂಡರು.

ಇಲ್ಲಿ ಒಂದು ಮಾತನ್ನು ಮರೆಯಬಾರದು. ಬಿಸಿಲು ಮಳೆಯೆನ್ನದೆ ಅಲೆದ ಪಿಗ್ಮಿ ಸಂಗ್ರಾಹಕರಿಗೆ ಕಮಿಷನ್ನೇ ಆಧಾರ. ಬ್ಯಾಂಕಿನ ಹೆಸರು ಹೊತ್ತು ತಿರುಗಿದರೂ ಬ್ಯಾಂಕಿನ ಕೆಲಸಗಾರರೆಂಬ ಮಾನ್ಯತೆ ಬಹುಕಾಲ ದೊರೆಯಲಿಲ್ಲ. ಅವರೂ ಕಾರ್ಮಿಕರೇ ಎಂದು ಸುಪ್ರೀಂ ಕೋರ್ಟು ಎತ್ತಿಹಿಡಿದದ್ದು 2001ರಲ್ಲಿ, ಪಿಗ್ಮಿ ಆರಂಭವಾಗಿ 73 ವರ್ಷಗಳ ಬಳಿಕ! 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡಿತು. ಪಿಗ್ಮಿ ಎಂಬ ಮಾತು ಮಾತ್ರ ಉಳಿದಿದೆ.

ನಿಮ್ಮೂರ ಸಹಕಾರ ಸಂಘದಲ್ಲಿಯೂ ಹೀಗೆ ದುಡಿಯುವವರು ಇದ್ದಾರು. ಮುಂದಿನ ಮಹಾಸಭೆಯಲ್ಲಿ ಠೇವಣಿ ಎಷ್ಟಾಯಿತೆಂದು ಕೇಳುವಾಗ, ಅದನ್ನು ಕೂಡಿಸಿ ತಂದವರಿಗೆ ಏನು ಸಂದಿತೆಂದೂ ಕೇಳಿರಿ. ದುಡಿಯುವವನಿಗೆ ತೃಪ್ತಿಯಿದ್ದರೆ ನಿಮ್ಮ ಹಣಕ್ಕೂ ಭದ್ರತೆ.